ಗೋಣಿತಟ್ಟಿನ ದೇವರು

"ಇದ್ಯಾವ ದೇವರಪಾ, ಬಾಗಲಾನೂ ಇಲ್ಲ, ಪೂಜಾರೀನೂ ಇಲ್ಲ?"

ಆಕೆ ಯಾರನ್ನೂ ಕೇಳಿರಲಿಲ್ಲ. ಕುಷ್ಟಗಿಯ ಕೂಡುರಸ್ತೆಯಲ್ಲಿ ಆಗ ಎರಡು ನಾಯಿ ಮತ್ತು ನಾನು ಮಾತ್ರ ಇದ್ದೆವು. ನಾಯಿಗಳು ಮಲಗಿದ್ದವು. ನಾನು ಬೇವಿನ ಮರದ ಕೆಳಗೆ ಕೂತು ಚೀಲ ಹೊಲಿಯುತ್ತಿದ್ದೆ. ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ.

ಅದು ದೊಡ್ಡಗೌಡರ ಮೂರ್ತಿ. ಸಿಮೆಂಟಿನದು, ಮೇಲೆ ಹಿತ್ತಾಳೆ ಬಣ್ಣ. ಎಪ್ಪತ್ತಾರನೇ ಇಸವಿಯಲ್ಲಿ ಲಾರಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದರು. ಮಂತ್ರಿಗಳು ಬಂದು ತೆರೆಯುವವರೆಗೆ ಯಾರ ಕಣ್ಣಿಗೂ ಬೀಳಬಾರದೆಂದು ಸ್ಮಾರಕ ಸಮಿತಿಯವರು ನನ್ನನ್ನು ಕರೆದರು. ನಾನು ಗೋಣಿ ಹೊಲಿಯುವ ಮಕ್ಬುಲಸಾಬ. ಜೋಳದ ಚೀಲ, ತೊಗರಿ ಚೀಲ, ಇಲಿ ಕಡಿದ ಚೀಲ ನನ್ನ ಕೆಲಸ. ಮನುಷ್ಯನಿಗೆ ಹೊಲಿದದ್ದು ಅದೇ ಮೊದಲು. ಏಣಿ ಹಾಕಿ ತಲೆಯಿಂದ ಸುರು ಮಾಡಿ ಕಟ್ಟೆಯ ಕಲ್ಲಿನ ಬರಹದವರೆಗೆ ಮುಚ್ಚಿದೆ. ಒಂಬತ್ತು ತಟ್ಟು ಹಿಡಿದವು. ಬಲಗೈ ಮುಂದೆ ಚಾಚಿಕೊಂಡಿತ್ತು. ಅದಕ್ಕೊಂದು ತೋಳು ಬೇರೆ ಹೊಲಿದೆ.

"ಎಂಟು ದಿವಸದ ಕೆಲಸ," ಅಂದರು ಸಮಿತಿಯವರು. ಆರು ವರ್ಷವಾಯಿತು. ಬರಬೇಕಾಗಿದ್ದ ಮಂತ್ರಿಯ ಖುರ್ಚಿ ಹೋಯಿತು. ಎರಡನೆಯವರು ದಿನಾಂಕ ಕೊಟ್ಟರು, ಅವರ ಸರಕಾರವೇ ಹೋಯಿತು. ಮೂರನೆಯವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ರತಿ ಬೇಸಿಗೆಗೆ ತಟ್ಟು ಬಿಸಿಲಿಗೆ ಸೀದು ಪುಡಿಯಾಗುತ್ತಿತ್ತು. ನಾನು ಹಳೆಯದರ ಮೇಲೆ ಹೊಸದು ಹೊಲಿಯುತ್ತಿದ್ದೆ. ಗೌಡರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿದ್ದರು.

ಬಸ್ಸು ಬದಲಿಸಲು ಇಳಿದವರು ಅದನ್ನು ನೋಡಿ ತಲೆಗೊಂದು ಮಾತು ಆಡುತ್ತಿದ್ದರು. ಗಂಗಾವತಿ ಕಡೆಯ ಭತ್ತದ ವ್ಯಾಪಾರಿ, "ಕೈಯಾಗ ತಕ್ಕಡಿ ಐತಿ, ಇವ ಯಾವನೋ ಸಾಹುಕಾರ," ಅಂದ. ಯಲಬುರ್ಗಾದ ಮಾಸ್ತರೊಬ್ಬರು ಪುಸ್ತಕ ಅಂದರು. ಕೊಪ್ಪಳದ ಬಸ್ಸಿನ ಕಂಡಕ್ಟರ, "ಟಿಕೀಟ ಕೇಳಾಕತ್ಯಾನ," ಅಂದ. ಊರಿನವರಿಗೆ ಅದು ಮರೆತೇ ಹೋಗಿತ್ತು. ಕಣ್ಣೆದುರು ಆರು ವರ್ಷ ನಿಂತದ್ದನ್ನು ಯಾರು ನೋಡುತ್ತಾರೆ?

ಮೊದಲು ದೇವರು ಅಂದವಳು ಗಾಳೆಮ್ಮ. ಎಪ್ಪತ್ತೊಂಬತ್ತರ ಒಂದು ಸೋಮವಾರ, ಹತ್ತು ಮೈಲು ನಡೆದು ಬಂದಿದ್ದಳು. ನಮ್ಮ ಸೀಮೆಯಲ್ಲಿ ಅದು ದೊಡ್ಡ ತಪ್ಪೇನೂ ಅಲ್ಲ. ಮೊಹರಮ್ಮಿನಲ್ಲಿ ಅಲಾಯಿ ದೇವರು ಮೈತುಂಬ ಬಟ್ಟೆ ಸುತ್ತಿಕೊಂಡೇ ನಿಲ್ಲುತ್ತಾರೆ. ಉಳಿದ ದಿನವೂ ಪೆಟ್ಟಿಗೆಯಲ್ಲಿ ಬಟ್ಟೆಯೊಳಗೇ ಇರುತ್ತಾರೆ. ಸುತ್ತಿದ್ದು ನಿಂತಿತ್ತೆಂದರೆ ಜನ ಕೈ ಮುಗಿಯುತ್ತಾರೆ. ಆಕೆಯೂ ಮುಗಿದಳು. ಆಮೇಲೆ ಅತ್ತ ಇತ್ತ ನೋಡಿದಳು.

"ಮುಟ್ಟಬಹುದೇನ್ರೀ ಅಣ್ಣ?"

"ಮುಟ್ಟವ್ವ. ಬ್ಯಾಡ ಅನ್ನಾಕ ಇಲ್ಲಿ ಯಾರದಾರ?"

ಆಕೆ ಎರಡೂ ಅಂಗೈ ತಟ್ಟಿನ ಮೇಲಿಟ್ಟಳು. ಪಾದ ಇರಬೇಕಾದ ಜಾಗಕ್ಕೆ ಹಣೆ ಹಚ್ಚಿದಳು. ಬಹಳ ಹೊತ್ತು ಎತ್ತಲಿಲ್ಲ. ತನ್ನ ಊರಿನ ಹಣಮಪ್ಪನ ಗುಡಿಯನ್ನು ಆಕೆ ಹುಣಸೆ ಮರದ ಈಚೆಯಿಂದ ನೋಡಿದವಳು. ಹಣಮಪ್ಪನ ಮುಖಕ್ಕಿಂತ ಅವನ ಮುಂದೆ ನಿಂತವರ ಬೆನ್ನುಗಳೇ ಆಕೆಗೆ ಹೆಚ್ಚು ಪರಿಚಯ. ನಲವತ್ತರ ಹತ್ತಿರದ ಹೆಂಗಸು. ದೇವರನ್ನು ಮುಟ್ಟಿದ್ದು ಅವತ್ತೇ ಮೊದಲು.

"ಕೈ ನೋಡ್ರಿ," ಅಂದಳು ಎದ್ದು. "ಮುಂದ ಮಾಡ್ಯಾನ. ಅಂಜಬ್ಯಾಡ ಅನ್ನಾಕತ್ಯಾನ."

ಮುಂದಿನ ಸೋಮವಾರ ಸೆರಗಿನ ಗಂಟಿನಲ್ಲಿ ಸಕ್ಕರೆ ತಂದಳು.

"ಸಕ್ಕರಿ ಓದಿಸಿ ಕೊಡ್ರಿ."

"ನಾ ಮುಲ್ಲಾ ಅಲ್ಲವ್ವ."

"ಟೊಪಗಿ ಐತಲ್ರಿ."

ಟೋಪಿ ಇತ್ತು. ಸಕ್ಕರೆಯ ಮೇಲೆ ಫಾತಿಹಾ ಪ್ರಾರ್ಥನೆ ಓದಿ ಕೊಟ್ಟೆ. ಫಾತಿಹಾ ಮೇಲಕ್ಕೆ ಹೋಗುವಂಥದ್ದು, ನಡುವೆ ಒಂದು ಗೋಣಿತಟ್ಟು ಇದ್ದರೆ ಏನಾಯಿತು ಎಂದುಕೊಂಡೆ. ಮನೆಯಲ್ಲಿ ಹೆಂಡತಿ ಹಸನಬೀಗೆ ಹೇಳಿದಾಗ ಆಕೆ ಹಿಟ್ಟಿನ ಕೈಯನ್ನು ಹಣೆಗೆ ಬಡಿದುಕೊಂಡಳು.

"ಗೌಡನ ಮೂರ್ತಿಗೆ ಫಾತಿಹಾ ಓದಿದಿ? ನಾಳೆ ದೇವರ ಮುಂದ ಏನು ಹೇಳತಿ?"

"ಸಕ್ಕರಿ ಭಾಳ ಸಣ್ಣದಿತ್ತು, ಅಂತೀನಿ."

ಹಸನಬೀ ನಗಲಿಲ್ಲ.

ಗಾಳೆಮ್ಮ ಪ್ರತಿ ಸೋಮವಾರ ಬರುತ್ತಿದ್ದದ್ದು ಒಂದು ಸಹಿಗೆ. ಆಕೆಯ ಕೇರಿಗೆ ಬೋರು ಹಾಕಿ ಕೈಪಂಪು ಕೂರಿಸಬೇಕಾಗಿತ್ತು. ಕಚೇರಿಯವರು ಮಂಜೂರು ಮಾಡಿದ್ದರು. ಆದರೆ ಕೇರಿ ನಿಂತ ನೆಲ ಗೌಡರ ಹೆಸರಿನಲ್ಲಿತ್ತು. ಅವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಮರುದಿನವೇ ಯಂತ್ರ ಕಳಿಸುತ್ತೇವೆ ಅಂದಿದ್ದರು. ದೊಡ್ಡಗೌಡರು ತೀರಿಕೊಂಡಿದ್ದರು. ಮಗ ಸಣ್ಣಗೌಡರು ಕುಷ್ಟಗಿಯಲ್ಲೇ ಮನೆ ಮಾಡಿದ್ದರು. ಆಕೆ ಮೆಟ್ಟಿಲ ಕೆಳಗೆ ಕೂರುತ್ತಿದ್ದಳು. ಗೌಡರು ಉಂಡು, ಮಲಗಿ ಎದ್ದು, ಚಹಾ ಕುಡಿದು, ಜೀಪು ಹತ್ತುವಾಗ ನೋಡುತ್ತಿದ್ದರು.

"ಬಂದ್ಯಾ? ಮುಂದಿನ ಸೋಮವಾರ ಬಾ."

ಆಕೆ ಹಿಂದಿರುಗುವಾಗ ದೇವರ ಮುಂದೆ ನಿಂತು, "ಸಣ್ಣಗೌಡಗ ಛಲೋ ಬುದ್ಧಿ ಕೊಡಪಾ," ಅನ್ನುತ್ತಿದ್ದಳು. ಮಗನಿಗೆ ಬುದ್ಧಿ ಕೊಡು ಎಂದು ಅಪ್ಪನ ಮುಂದೆ ಬೇಡುತ್ತಿದ್ದಳು. ಆ ಬುದ್ಧಿ ಅಪ್ಪನೇ ಕೊಟ್ಟದ್ದು.

ಪತ್ರ ಸೊಂಟದಲ್ಲಿರುತ್ತಿತ್ತು, ಪ್ಲಾಸ್ಟಿಕ್ ಚೀಲದಲ್ಲಿ. ಬೆವರಿಗೆ ಅಕ್ಷರ ಅಳಿಸಿ ಮೂರು ಸಲ ಹೊಸದಾಗಿ ಬರೆಸಿದ್ದಳು. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ನೀರು ಕುಡಿದು ಬಂದು ನನ್ನ ಮರದ ನೆರಳಿನಲ್ಲಿ ಕೂರುತ್ತಿದ್ದಳು. ಆ ನಲ್ಲಿಯ ಮಾತು ಬಂದರೆ ಆಕೆಗೆ ಇನ್ನೂ ನಂಬಿಕೆ ಬರುತ್ತಿರಲಿಲ್ಲ. "ನಾನ ತಿರುವಿದೆ, ನಾನ ಕುಡದೆ. ಯಾರೂ ಏನೂ ಅನ್ನಲಿಲ್ರಿ." ನಾನು ಮಾತಿನವನಲ್ಲ. ಸೂಜಿಯವನ ಮುಂದೆ ಜನ ಮಾತಾಡುತ್ತಾರೆ. ಹಾಗೆ ಒಂದು ಸೋಮವಾರ ಗಂಡನ ಮಾತು ಬಂತು.

ಗಂಡ ಓಬಳೆಪ್ಪ ಚರ್ಮದ ಕೆಲಸದವನು. ಗೌಡರ ಮನೆಗೆ ವರ್ಷಕ್ಕೆ ಎರಡು ಜೊತೆ ಮೆಟ್ಟು, ಪಟ್ಟಿಯ ಮೇಲೆ ತನ್ನ ಮೂರು ಎಲೆಯ ಕಸೂತಿ ಹಾಕಿ, ಹೊಲಿದು ಕೊಡಬೇಕಾಗಿತ್ತು. ಕೇರಿಗೆ ಬಾವಿ ಇರಲಿಲ್ಲ. ಗೌಡರ ಬಾವಿಯಿಂದ ಹತ್ತು ಮಾರು ದೂರ ಒಂದು ಬಂಡೆ. ಕೇರಿಯ ಹೆಂಗಸರು ಕೊಡ ಇಟ್ಟುಕೊಂಡು ಆ ಬಂಡೆಯ ಮೇಲೆ ಕೂರಬೇಕು. ಮೇಲಿನವರು ಯಾರಾದರೂ ಮನಸ್ಸು ಮಾಡಿ ಸೇದಿ ತಂದು ಎತ್ತರದಿಂದ ಹುಯ್ಯಬೇಕು. ಅರ್ಧ ಕೊಡಕ್ಕೆ, ಅರ್ಧ ಮೈಗೆ. ಒಂದು ದಿನ ನಸುಕಿನಿಂದ ಮಧ್ಯಾಹ್ನದವರೆಗೆ ಯಾರೂ ಹುಯ್ಯಲಿಲ್ಲ. ಮನೆಯಲ್ಲಿ ಕೂಸಿಗೆ ಜ್ವರ. ಗಾಳೆಮ್ಮ ಎದ್ದು ಹೋಗಿ ಹಗ್ಗ ಹಿಡಿದಳು. ಒಂದು ಕೊಡ ಸೇದಿದಳು.

ಸಂಜೆ ಓಬಳೆಪ್ಪನನ್ನು ಕರೆಸಿದರು. ಗೌಡರು ಹೊಡೆಯಲಿಲ್ಲ, ಬೈಯಲಿಲ್ಲ. ಕಟ್ಟೆಯ ಮೇಲೆ ನಿಂತು ಬಾವಿಯ ಕಡೆ ಬೆರಳು ಮಾಡಿದರು.

"ಸೇದು. ತಳದ ಮಣ್ಣು ಕಾಣೋತನಕ ಸೇದು."

ಮೈಲಿಗೆಯಾದ ನೀರೆಲ್ಲ ಹೊರಗೆ ಹೋಗಬೇಕು, ಅವನೊಬ್ಬನೇ ಸೇದಬೇಕು. ಅವನು ಮುಟ್ಟಿದರೆ ಬಾವಿ ಮತ್ತೆ ಮೈಲಿಗೆಯಾಗುವುದಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರಂತೆ. ಈಗಾಗಲೇ ಮೈಲಿಗೆಯಾದದ್ದು ಮತ್ತೇನಾಗುತ್ತದೆ ಎಂದು ಕೂತು ತೀರ್ಮಾನಿಸಿದರಂತೆ.

ಆ ಬಾವಿಗೆ ಮೂರು ಸೆಲೆ. ಹಗಲೆಲ್ಲ ಸೇದಿದ ನೀರು ಬೆಳಗಾಗುವುದರೊಳಗೆ ಮತ್ತೆ ಬರುತ್ತಿತ್ತು. ಅದು ಗೌಡರಿಗೆ ಗೊತ್ತಿತ್ತು. ಓಬಳೆಪ್ಪನಿಗೂ ಗೊತ್ತಿತ್ತು. ಅವನು ನಾಲ್ಕು ದಿನ ಸೇದಿದ. ಎರಡನೇ ದಿನ ಅಂಗೈ ಚರ್ಮ ಹಗ್ಗದ ಜೊತೆ ಹೋಯಿತು. ಮೂರನೇ ದಿನ ಕೈಗೆ ಬಟ್ಟೆ ಕಟ್ಟಿಕೊಂಡ. ಬಿಚ್ಚಿಸಿದರು. ನಾಲ್ಕನೇ ದಿನ ಸಂಜೆ ಕಟ್ಟೆಯ ಮೇಲೆ ಕುಸಿದು ಕೂತ. ಕುಡಿಯಲು ಒಂದು ಬೊಗಸೆ ನೀರು ಕೇಳಿದ.

"ಬಾವಿ ಇನ್ನೂ ಮಡಿ ಆಗಿಲ್ಲ," ಅಂದರು.

ತಿಂಗಳೊಳಗೆ ನೆತ್ತರು ಕಾರಿ ಸತ್ತ. ಕೂಸು ಅವನಿಗಿಂತ ಮೊದಲೇ ಹೋಗಿತ್ತು.

ಗಾಳೆಮ್ಮ ಇದನ್ನು ಹೇಳುವಾಗ ಅಳಲಿಲ್ಲ. ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ನಾನು ದಬ್ಬಣ ನಿಲ್ಲಿಸಿದೆ.

"ಯಾವ ಗೌಡ?"

"ಈ ಸಣ್ಣಗೌಡನ ಅಪ್ಪರಿ. ಸತ್ತ್ಹೋದನಲ್ಲ, ಅವನ."

ಸುತಳಿ ಮುಗಿದಿರಲಿಲ್ಲ. ಆದರೂ ನಾನು ಹೊಸ ಉಂಡೆ ಹುಡುಕತೊಡಗಿದೆ.

ನನ್ನ ಅಪ್ಪ ಮೊಹರಮ್ಮಿನಲ್ಲಿ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಶೋಕದ ರಿವಾಯತ ಪದ ಹಾಡುತ್ತಿದ್ದ. ನನಗೆ ಹಾಡಲು ಬರಲಿಲ್ಲ, ಕೇಳಿ ಬೆಳೆದೆ. ಕಣ್ಣೆದುರು ಹೊಳೆ ಹರಿಯುತ್ತಿದ್ದರೂ ಪೈಗಂಬರರ ಮೊಮ್ಮಗನಿಗೂ ಅವರ ಕಡೆಯವರಿಗೂ ಮೂರು ದಿನ ನೀರು ಕೊಡದೆ ಕೊಂದ ಕಥೆ. ಆ ಭಾಗ ಬಂದಾಗ ದೂರ ನಿಂತ ಕೇರಿಯ ಹೆಂಗಸರೂ ಅಳುತ್ತಿದ್ದರು. ಕರ್ಬಲಾ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಯಾಕೆ ಅಳುತ್ತಾರೆ ಎಂದು ನಾನು ಅಪ್ಪನನ್ನು ಕೇಳಿರಲಿಲ್ಲ. ಅವತ್ತು ತಿಳಿಯಿತು. ಆ ಕಥೆಯಲ್ಲಿ ಹೊಳೆಯ ದಂಡೆಯ ಮೇಲೆ ಸುಮ್ಮನೆ ನೋಡುತ್ತ ನಿಂತವರೂ ಇದ್ದಿರಬೇಕು. ಅವರ ಹೆಸರನ್ನು ಯಾರೂ ಹಾಡುವುದಿಲ್ಲ.

ಅವತ್ತೇ ಹೇಳಬೇಕಾಗಿತ್ತು. ಆಕೆ ಎದ್ದು ಹೋಗಿ ತಟ್ಟಿಗೆ ಹಣೆ ಹಚ್ಚಿ ಬಂದಳು. "ಹೇಳಿದರ ಹಗುರ ಆತು ನೋಡ್ರಿ," ಅಂದಳು. ನಾನು ಮುಂದಿನ ಸೋಮವಾರ ಹೇಳೋಣ ಎಂದುಕೊಂಡೆ. ಮುಂದಿನ ಸೋಮವಾರ ಅನ್ನುವುದನ್ನು ಸಣ್ಣಗೌಡರೊಬ್ಬರೇ ಕಲಿತಿರಲಿಲ್ಲ.

ಹೀಗೆ ಮೂರು ವರ್ಷ. ಬಸ್ಸಿಗೆ ಕಾಯುವ ಬೇರೆ ಹಳ್ಳಿಗಳ ಹೆಂಗಸರೂ ಕೈ ಮುಗಿಯತೊಡಗಿದರು. ಅರಿಷಿಣ ಕುಂಕುಮ ಬಿತ್ತು. ಕೈಯ ತೋಳಿಗೆ ದಾರ ಕಟ್ಟಿದರು. ಸಿದ್ದಾಪುರದ ಒಬ್ಬಾಕೆ ಮಗನ ನೌಕರಿಗೆ ಹರಕೆ ಹೊತ್ತಳು. ಮಗನಿಗೆ ನೌಕರಿ ಆಯಿತು. ಆಕೆ ಐದು ಕಾಯಿ ಒಡೆದಳು. ನಾನು ಚೂರು ತಿಂದೆ.

ಎಂಬತ್ತೆರಡರಲ್ಲಿ ನಾಲ್ಕನೇ ಮಂತ್ರಿಗಳು ದಿನಾಂಕ ಕೊಟ್ಟರು. ಅದೂ ಸೋಮವಾರ. ಸಣ್ಣಗೌಡರು ಇಲೆಕ್ಷನ್ನಿಗೆ ನಿಲ್ಲುವವರಿದ್ದರು. ಜೀಪು ನಿಲ್ಲಿಸಿ ಮೂರ್ತಿಯನ್ನು ನೋಡಿದರು. ಕುಂಕುಮ, ದಾರ, ಕಾಯಿಯ ಕರಟ. ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಗಂಟು ಬಿಚ್ಚಿತು.

"ಯಾರೋ ಸಾಬ, ಇದನ್ನ ಸುರು ಮಾಡಿದವರು?"

"ನಿಮ್ಮೂರ ಗಾಳೆಮ್ಮರಿ. ಪಂಪಿನ ಸಹಿಗೆ ಬರತಾಳಲ್ರಿ, ಆಕಿ."

"ಹೌದಾ? ನೋಡು, ಕೇರಿಯವರು ಸೈತ ನಮ್ಮಪ್ಪನ್ನ ದೇವರು ಮಾಡ್ಯಾರ." ಅವರ ಕಣ್ಣು ನಿಜವಾಗಿಯೂ ತುಂಬಿದವು. "ಆಕಿಗೆ ಹೇಳು. ಅವತ್ತು ಮಂತ್ರಿ ಮುಂದ ಮೊದಲನೇ ಆರತಿ ಆಕೀನ ಬೆಳಗಬೇಕು. ಬೆಳಗಿದ ಕೂಡಲೆ ಸಹಿ. ಸ್ಟೇಜಿನ ಮ್ಯಾಗ, ಎಲ್ಲಾರ ಮುಂದ."

ಆಕೆಗೆ ಒಳಗಿರುವವರು ಯಾರೆಂದು ಗೊತ್ತಿಲ್ಲ ಎಂಬುದು ಅವರ ತಲೆಗೆ ಬರಲಿಲ್ಲ. ಅವರ ಅಪ್ಪನನ್ನು ಗುರುತಿಸದವರು ಲೋಕದಲ್ಲಿ ಇರಬಹುದೆಂದು ಅವರು ತಿಳಿದಿರಲಿಲ್ಲ.

ರಾತ್ರಿ ಉಣ್ಣುವಾಗ ಹಸನಬೀ ಅಂದಳು: "ಈಗರ ಹೇಳು. ತಿಳೀದ ಬೆಳಗಿದರ ಆ ಪಾಪ ಆಕಿದಲ್ಲ, ನಿಂದು."

"ಹೇಳಿದರ ಆಕಿ ಬೆಳಗಂಗಿಲ್ಲ. ಬೆಳಗಲಿಲ್ಲಂದ್ರ ನೀರಿಲ್ಲ."

"ಅದನ್ನ ಆಕಿ ನೋಡಕೋತಾಳ. ನೀ ಯಾರು?"

ಸೋಮವಾರ ಗಾಳೆಮ್ಮ ಬಂದಳು. ಆರತಿಯ ಸುದ್ದಿ ಹೇಳಿದೆ, ಸಹಿಯ ಸುದ್ದಿ ಹೇಳಿದೆ. ಒಂದು ಹೆಸರು ಬಿಟ್ಟೆ. ಆಕೆ ನೆಲಕ್ಕೆ ಕೂತಳು. ಎದ್ದು ಹೋಗಿ ತಟ್ಟನ್ನು ಎರಡೂ ತೋಳಿನಿಂದ ತಬ್ಬಿಕೊಂಡಳು.

"ಕೇಳಿದ ನೋಡ್ರಿ ಅಣ್ಣ, ಕೇಳಿದ! ಆ ಬಂಡೆಗಲ್ಲಿನ ಮ್ಯಾಗ ಇನ್ನ ಕುಂದ್ರಂಗಿಲ್ಲ. ಪಂಪು ಎಲ್ಲಿ ಹಾಕಬೇಕಂತ ಸುಣ್ಣಾ ಹಚ್ಚಿ ಇಟ್ಟೀವಿ, ಮೂರು ವರ್ಸ ಆತು. ಮಳಿಗೆ ಹೋದಂಗೆಲ್ಲ ಮತ್ತ ಹಚ್ಚತೀವಿ."

ಮುಂದಿದ್ದ ಚೀಲದ ಬಾಯಿ ತೆರೆದಿತ್ತು. ಮುಚ್ಚಿದೆ. ನೀರು ಬರಲಿ, ಎಂದುಕೊಂಡೆ. ಅದು ಒಳ್ಳೆಯ ಮಾತು. ಅದರ ಹಿಂದೆ ಎಷ್ಟು ಬೇಕಾದರೂ ಅಡಗಿಕೊಳ್ಳಬಹುದು.

ಮಂತ್ರಿಗಳು ಬರುವ ದಿನ ಪೆಂಡಾಲು, ಮೈಕು, ಬಾಳೆಕಂಬ ಎಲ್ಲ ಇದ್ದವು. ತಟ್ಟಿನ ಕೊನೆಯ ಹೊಲಿಗೆಯನ್ನು ನಾನು ಚೀಲದ ಬಾಯಿ ಹೊಲಿದಂತೆ ಹೊಲಿದಿದ್ದೆ. ಒಂದು ತುದಿ ಜಗ್ಗಿದರೆ ಹೊಲಿಗೆ ಪೂರ್ತಿ ಓಡಿ ಬಿಚ್ಚುತ್ತದೆ. ಇನ್ನೊಂದು ತುದಿ ಜಗ್ಗಿದರೆ ಬಿಗಿಯುತ್ತದೆ. ಬಿಚ್ಚುವ ತುದಿಗೆ ಕೆಂಪು ಟೇಪು ಕಟ್ಟಿದ್ದೆ. ಫೋಟೋದಲ್ಲಿ ಚಂದ ಕಾಣಲೆಂದು ಸಮಿತಿಯವರು ಅದನ್ನು ತೆಗೆದು ಮುಂದಿನ, ಬಿಗಿಯುವ ತುದಿಗೆ ಕಟ್ಟಿದ್ದರು. ಮಂತ್ರಿಗಳು ಜಗ್ಗಿದರು. ದೊಡ್ಡಗೌಡರ ಕುತ್ತಿಗೆ ಬಿಗಿಯಿತು. ಮತ್ತೊಮ್ಮೆ ಜಗ್ಗಿದರು. ಇನ್ನಷ್ಟು ಬಿಗಿಯಿತು. ಜನ ನಗತೊಡಗಿದರು.

"ಏ ಸಾಬ, ಬಾ ಇಲ್ಲಿ," ಅಂದರು ಸಣ್ಣಗೌಡರು.

ಹೋದೆ. ನಾನೇ ಜಗ್ಗಿದೆ. ಹೊಲಿಗೆ ಸರ್ರನೆ ಓಡಿತು. ಆರು ವರ್ಷದ ತಟ್ಟು, ಮೂರು ವರ್ಷದ ಕುಂಕುಮ ಒಟ್ಟಿಗೆ ಕೆಳಗೆ ಬಿದ್ದವು. ಜನ ಚಪ್ಪಾಳೆ ತಟ್ಟಿದರು. ಮೈಕಿನವನು ಕಲ್ಲಿನ ಬರಹವನ್ನು ಓದಿದ: "ಬಾಯಾರಿದವರಿಗೆ ನೀರುಣಿಸಿದ ಪುಣ್ಯಾತ್ಮ."

ಗಾಳೆಮ್ಮ ಕೆಳಗೆ ನಿಂತಿದ್ದಳು. ಒಗೆದ ಸೀರೆ. ಕೈಯಲ್ಲಿ ಆರತಿ ತಟ್ಟೆ, ಕರ್ಪೂರ ಉರಿಯುತ್ತಿತ್ತು. ಹಿಂದೆ ಕೇರಿಯ ನಾಲ್ಕು ಹೆಂಗಸರು ಖಾಲಿ ಕೊಡ ತಂದಿದ್ದರು. ಸಹಿಯಾದ ಮೇಲೆ ನಲ್ಲಿಯಲ್ಲಿ ತುಂಬಿಕೊಂಡು ಶುಭ ಮಾಡೋಣ ಎಂದು ತಂದದ್ದು.

ಆಕೆ ಮೊದಲು ನೋಡಿದ್ದು ಪಾದ, ಮೂರು ವರ್ಷದ ಅಭ್ಯಾಸ. ಪಾದ ಕಾಣಲಿಲ್ಲ. ಸಿಮೆಂಟಿನ ಮೆಟ್ಟು ಇದ್ದವು. ಹೆಬ್ಬೆರಳಿನ ಉಂಗುರ, ಅಡ್ಡಪಟ್ಟಿಯ ಮೇಲೆ ಮೂರು ಎಲೆಯ ಕಸೂತಿ. ಮೂರ್ತಿ ಮಾಡಿದವನು ಫೋಟೋ ನೋಡಿ ಒಂದು ಹೊಲಿಗೆಯನ್ನೂ ಬಿಡದೆ ಕೆತ್ತಿದ್ದ. ಆ ಕೈಕೆಲಸ ಯಾರದೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿಂದ ಕಣ್ಣು ಮೇಲೆ ಹೋಯಿತು. ಕೈ ಹತ್ತಿರ ನಿಂತಿತು. ಅದು ಅಭಯದ ಕೈ ಆಗಿರಲಿಲ್ಲ. ನಾಲ್ಕು ಬೆರಳು ಮಡಚಿ ಒಂದು ಬೆರಳು ಮುಂದೆ ಮಾಡಿತ್ತು. ಮುಖ ನೋಡುವ ಅಗತ್ಯ ಬೀಳಲಿಲ್ಲ. ಆದರೂ ನೋಡಿದಳು.

"ಬಾರವ್ವ ಗಾಳೆಮ್ಮ, ಬೆಳಗು," ಅಂದರು ಸಣ್ಣಗೌಡರು ಮೈಕಿನಲ್ಲಿ.

ಆಕೆ ಮೆಟ್ಟಿಲು ಹತ್ತಿದಳು. ನಾನು ಮೂರ್ತಿಯ ಕಾಲ ಹತ್ತಿರ ಬಿದ್ದ ತಟ್ಟು ಮಡಚುತ್ತಿದ್ದೆ. ಆಕೆ ನನ್ನ ಮುಂದೆ ನಿಂತಳು.

"ಅಣ್ಣ, ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವ."

"ಯಾವಾಗಿಂದ?"

"ಮೊದಲಿಂದ. ನಾನ ಹೊಲದದ್ದು."

ಮೈಕು ಹತ್ತಿರವೇ ಇತ್ತು. ನನ್ನ ಮಾತು ಪೆಂಡಾಲಿನ ತುದಿಯವರೆಗೆ ಹೋಯಿತು. ಹಸನಬೀ ಹೆಂಗಸರ ಸಾಲಿನಲ್ಲಿ ತಲೆ ಬಗ್ಗಿಸಿದಳು. ಗಾಳೆಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷದ ಮೇಲೆ ಇದನ್ನು ನಾನು ಬರೆಸುತ್ತಿರಲಿಲ್ಲ.

ಸಣ್ಣಗೌಡರು ಮೈಕಿನ ಬಾಯಿಗೆ ಕೈ ಅಡ್ಡ ಹಿಡಿದರು. ಗಾಳೆಮ್ಮನಿಂದ ಬೆಳಗ್ಗೆಯೇ ಇಸಿದುಕೊಂಡ ಪತ್ರ ಮೇಜಿನ ಮೇಲೆ ಬಿಡಿಸಿ ಇಟ್ಟಿದ್ದರು. ಪೆನ್ನಿನ ಮುಚ್ಚಳ ತೆಗೆದಿತ್ತು.

"ಏನ ನೋಡತಿ? ಮಂತ್ರಿ ಕಾಯಾಕತ್ಯಾರ. ಎರಡು ಸುತ್ತು ಬೆಳಗು, ಸಹಿ ಹಾಕತೀನಿ. ನಾಳೆ ಹೊತ್ತು ಹುಟ್ಟೂದರಾಗ ಯಂತ್ರ ಬರತೈತಿ."

ಗಾಳೆಮ್ಮ ಪತ್ರ ನೋಡಿದಳು. ಹಿಂದೆ ತಿರುಗಿ ಕೊಡಗಳನ್ನು ನೋಡಿದಳು. ನಾಲ್ವರೂ ಹೆಂಗಸರು ಆ ಬೆರಳನ್ನು ನೋಡುತ್ತಿದ್ದರು. ಅವರಲ್ಲಿ ಹಿರಿಯಳಾದ ಕರಿಯವ್ವ ತನ್ನ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ಗಾಳೆಮ್ಮ ಕರ್ಪೂರವನ್ನು ಬಾಯಿಂದ ಊದಿ ಆರಿಸಿದಳು. ತಟ್ಟೆಯನ್ನು ಆ ಸಿಮೆಂಟಿನ ಮೆಟ್ಟಿನ ಹತ್ತಿರ ಇಡಲಿಲ್ಲ. ನನ್ನ ಕೈಗೆ ಕೊಟ್ಟಳು. ಮೇಜಿನ ಮೇಲಿನ ಪತ್ರ ತೆಗೆದುಕೊಂಡು, ಮಡಚಿ, ಪ್ಲಾಸ್ಟಿಕ್ಕಿನಲ್ಲಿ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀರು ಬ್ಯಾಡೇನು ನಿಮಗ?" ಅಂದರು ಸಣ್ಣಗೌಡರು.

"ಬೇಕು. ಮುಂದಿನ ಸೋಮವಾರ ಬರತೀನಿ. ಅದರ ಮುಂದಿನ ಸೋಮವಾರಾನೂ ಬರತೀನಿ. ನಿನ್ನ ಬಾಗಲಾ ಬಿಟ್ಟು ಮ್ಯಾಲಿನ ಕಚೇರಿ ಬಾಗಲಕ್ಕೂ ಹೋಗತೀನಿ."

"ಹಂಗಾರ ಬೆಳಗು."

"ಬೆಳಗಂಗಿಲ್ಲ."